ಬಿಸಿಲ ಸೀಮೆಗೆ ಬೇಸಿಗೆಯಲ್ಲಿ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು: ಹಂಪಿ, ಬಾದಾಮಿ, ವಿಜಯಪುರ

ಏಪ್ರಿಲ್-ಮೇ ರಜೆ ಹತ್ತಿರ ಬಂದಂತೆ ಹೊಸಪೇಟೆ, ಬಾದಾಮಿ, ವಿಜಯಪುರ ಕಡೆಯವರಿಗೆ ನೆಂಟರು, ಗೆಳೆಯರು, ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ನಿಮಗೆ ಬೇಕಾದ ಉತ್ತರವನ್ನಷ್ಟೇ ಓದಿಕೊಂಡರೂ ಸಾಕು.

## ಹೊರಡುವ ಮುಂಚೆ

ಮಕ್ಕಳಿಗೆ ರಜೆ ಇರೋದೇ ಮೇ ತಿಂಗಳಲ್ಲಿ. ಆ ಬಿಸಿಲಲ್ಲಿ ಹಂಪಿ, ಬಾದಾಮಿ ನೋಡೋಕೆ ಆಗುತ್ತಾ?

ಆಗುತ್ತದೆ. ಆದರೆ ನಿಮ್ಮೂರಿನ ಗಡಿಯಾರವನ್ನು ಅಲ್ಲೇ ಬಿಟ್ಟು ಬರಬೇಕು. ತಿಂಡಿ ತಿಂದು ಹತ್ತಕ್ಕೆ ರೂಮು ಬಿಡುವುದು, ಎರಡಕ್ಕೆ ಊಟ, ಮತ್ತೆ ಸುತ್ತಾಟ ಎನ್ನುವ ಲೆಕ್ಕದಲ್ಲಿ ಬಂದವರು ಎರಡನೇ ದಿನಕ್ಕೇ ಮಲಗಿಬಿಡುತ್ತಾರೆ. ಮೇ ತಿಂಗಳಲ್ಲಿ ಇಲ್ಲಿ ಆರಕ್ಕೆ ಸ್ವಲ್ಪ ಮೊದಲೇ ಹೊತ್ತು ಮೂಡುತ್ತದೆ, 6.45ರ ಸುಮಾರಿಗೆ ಮುಳುಗುತ್ತದೆ. ಬೆಳಗ್ಗೆ 6ರಿಂದ 9.30, ಸಂಜೆ 4.30ರಿಂದ ಕತ್ತಲಾಗುವವರೆಗೆ ನಿಮ್ಮ ಸಮಯ. ನಡುವಿನ ಏಳು ತಾಸು ಸೂರಿನ ಕೆಳಗೆ ಇರಬೇಕು. ಇದು ಪ್ರವಾಸಿಗರಿಗಷ್ಟೇ ಹೇಳುವ ಮಾತಲ್ಲ. ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಗಳಲ್ಲಿ ಸರಕಾರಿ ಕಚೇರಿಗಳನ್ನೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ರೂಢಿ ಇದೆ. ಹೊಲದ ಕೆಲಸವೂ ಹತ್ತಕ್ಕೆಲ್ಲ ಮುಗಿದಿರುತ್ತದೆ.

ರಜೆ ನಿಮ್ಮ ಕೈಯಲ್ಲೇ ಇದ್ದರೆ ನವೆಂಬರ್‌ನಿಂದ ಫೆಬ್ರುವರಿವರೆಗಿನ ದಿನಗಳನ್ನು ಆರಿಸಿಕೊಳ್ಳಿ. ಬೇಸಿಗೆಯೇ ಆಗಬೇಕೆಂದರೆ ಮೇ ತಿಂಗಳಿಗಿಂತ ಮಾರ್ಚ್ ಮೊದಲ ಎರಡು ವಾರ ಹಗುರ. ಬೇಸಿಗೆಗೂ ತನ್ನದೇ ಲಾಭವಿದೆ. ಗುಡಿಗಳು ಖಾಲಿ ಇರುತ್ತವೆ, ಬೆಳಕು ನಿಚ್ಚಳ. ತುಂಗಭದ್ರೆಯ ನೀರು ಇಳಿದು, ಹಂಪಿಯ ದಡದ ಬಂಡೆಗಳಲ್ಲಿ ಕೊರೆದ ಕೋಟಿಲಿಂಗಗಳು ಪೂರ್ತಿ ಕಾಣುತ್ತವೆ.

ನಿಜವಾಗಿ ಎಷ್ಟು ಬಿಸಿ? ನಾವು ಚೆನ್ನೈಯಲ್ಲಿ ಇದ್ದವರು, ನಮಗೆ ಅಭ್ಯಾಸ ಇದೆಯಲ್ಲ?

ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ಹಗಲು 39ರಿಂದ 42 ಡಿಗ್ರಿ ಇಲ್ಲಿ ಮಾಮೂಲು. ರಾಯಚೂರು, ಕಲಬುರಗಿ ಕಡೆ 43 ದಾಟುವ ದಿನಗಳೂ ಉಂಟು. ಕರಾವಳಿಯ ಸೆಕೆ ಬೇರೆ, ಇಲ್ಲಿನ ಝಳ ಬೇರೆ. ಅಲ್ಲಿ ಮೈ ತೊಪ್ಪೆಯಾಗುವುದರಿಂದ ಬೆವರು ಗೊತ್ತಾಗುತ್ತದೆ. ಇಲ್ಲಿನ ಒಣಗಾಳಿಗೆ ಬೆವರು ಚರ್ಮದ ಮೇಲೆ ನಿಲ್ಲುವುದೇ ಇಲ್ಲ. ಅಂಗಿ ಒಣಗೇ ಇರುತ್ತದೆ, ಮೈಯೊಳಗಿನ ನೀರು ಮಾತ್ರ ಹೋಗುತ್ತಲೇ ಇರುತ್ತದೆ. ಅಂಗಿಯ ಬೆನ್ನ ಮೇಲೆ ಬಿಳಿ ಉಪ್ಪಿನ ಗೆರೆ ಕಂಡರೆ ಆಗಲೇ ಸಾಕಷ್ಟು ಕಳೆದುಕೊಂಡಿದ್ದೀರಿ ಎಂದರ್ಥ. ಅಭ್ಯಾಸ ಇದೆ ಎನ್ನುವವರು ಸೋಲುವುದು ಇಲ್ಲೇ.

ಇನ್ನೊಂದು ಸಂಗತಿ ಗಮನದಲ್ಲಿರಲಿ. ಮೇ ಮೊದಲ ವಾರದಲ್ಲಿ ಸೂರ್ಯ ಈ ಸೀಮೆಯ ನೆತ್ತಿಯ ಮೇಲೆ ನೇರವಾಗಿ ಹಾಯುತ್ತಾನೆ. ಹಂಪಿಯಲ್ಲಿ 2ರ ಹೊತ್ತಿಗೆ, ಬಾದಾಮಿಯಲ್ಲಿ 4ರ ಹೊತ್ತಿಗೆ, ವಿಜಯಪುರದಲ್ಲಿ 7-8ರ ಹೊತ್ತಿಗೆ, ಮಧ್ಯಾಹ್ನ 12.20ರ ಆಸುಪಾಸಿನಲ್ಲಿ ನಿಂತವರ ನೆರಳು ಅವರ ಕಾಲಡಿಯಲ್ಲೇ ಅಡಗುತ್ತದೆ. ಆಗ ಗೋಡೆಯ ಬದಿಗೆ ನಿಂತರೆ ನೆರಳು ಸಿಗದು, ಮಂಟಪದ ಒಳಗೇ ಹೋಗಬೇಕು.

ಎಷ್ಟು ದಿನ ಬೇಕು? ಯಾವುದನ್ನು ಮೊದಲು ನೋಡೋಣ?

ಚಳಿಗಾಲದಲ್ಲಿ ಮೂರು ದಿನಕ್ಕೆ ಮುಗಿಯುವುದು ಬೇಸಿಗೆಯಲ್ಲಿ ಐದು ದಿನ ಬೇಡುತ್ತದೆ. ಹೊಸಪೇಟೆ ಅಥವಾ ಕಮಲಾಪುರದಲ್ಲಿ ಎರಡು ರಾತ್ರಿ, ಬಾದಾಮಿಯಲ್ಲಿ ಎರಡು, ವಿಜಯಪುರದಲ್ಲಿ ಒಂದು. ಊರಿಂದ ಊರಿಗೆ ಹೋಗುವುದನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಬೇಡಿ, ಅದು ಗುಡಿ ನೋಡುವ ಹೊತ್ತು. ಎಸಿ ಕಾರು ಇದ್ದರೆ ಹನ್ನೊಂದಕ್ಕೆ ಹೊರಟು ಬಿಸಿಲಿನ ಹೊತ್ತನ್ನೇ ಪ್ರಯಾಣಕ್ಕೆ ಕೊಡಿ. ಬಸ್ಸಾದರೆ ಸಂಜೆ ಹೊರಡಿ. ಹೊಸಪೇಟೆಯಿಂದ ಬಾದಾಮಿಗೆ, ಬಾದಾಮಿಯಿಂದ ವಿಜಯಪುರಕ್ಕೆ ಸುಮಾರು ಮೂರು-ಮೂರೂವರೆ ತಾಸು ಹಿಡಿಯಿರಿ.

ರೈಲು ಒಳ್ಳೇದಾ, ಬಸ್ಸಾ?

ಬೆಂಗಳೂರು, ಮೈಸೂರಿನಿಂದ ರಾತ್ರಿ ರೈಲೇ ಒಳ್ಳೆಯದು. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಬೆಂಗಳೂರು ಬಿಟ್ಟು ಬೆಳಗ್ಗೆ ಹೊಸಪೇಟೆಗೆ ಇಳಿಸುತ್ತದೆ. ಗೋಲಗುಂಬಜ್ ಎಕ್ಸ್‌ಪ್ರೆಸ್ ಬಾದಾಮಿ, ಬಾಗಲಕೋಟೆ, ವಿಜಯಪುರ ಮುಟ್ಟುತ್ತದೆ. ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಏಪ್ರಿಲ್-ಮೇ ಇಲ್ಲಿ ಮದುವೆಯ ಕಾಲವೂ ಹೌದಾದ್ದರಿಂದ ಆ ಮೊದಲ ವಾರದಲ್ಲೇ ಟಿಕೆಟ್ ಹಿಡಿಯಿರಿ. ಸ್ಲೀಪರ್ ಸಿಕ್ಕರೆ ಮೇಲಿನ ಬರ್ತ್ ಬೇಡ. ಹಗಲೆಲ್ಲ ಕಾದ ಚಾವಣಿ ನಡುರಾತ್ರಿಯವರೆಗೂ ಬಿಸಿ ಉಗುಳುತ್ತಿರುತ್ತದೆ.

ಸ್ಥಳೀಯ ಓಡಾಟಕ್ಕೆ ಕೆಂಪು ಬಸ್ಸುಗಳಿವೆ. ಕರ್ನಾಟಕದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತ, ಗುರುತಿನ ಚೀಟಿ ಕೈಯಲ್ಲಿರಬೇಕು. ಆದರೆ ಬಾದಾಮಿ-ಪಟ್ಟದಕಲ್ಲು-ಐಹೊಳೆ ಸುತ್ತಿಗೆ ಬೇಸಿಗೆಯಲ್ಲಿ ಬಸ್ಸು ನೆಚ್ಚಬೇಡಿ. ದೂರ ಕಡಿಮೆಯೇ, ಆದರೆ ಒಂದು ಬಸ್ಸು ತಪ್ಪಿದರೆ ಮುಂದಿನದಕ್ಕೆ ತಾಸುಗಟ್ಟಲೆ ತಗಡಿನ ಶೆಡ್ಡಿನ ಕೆಳಗೆ ಕಾಯಬೇಕಾಗುತ್ತದೆ. ಅರ್ಧ ದಿನಕ್ಕೆ ಆಟೋ ಅಥವಾ ಕಾರು ಮಾತಾಡಿಕೊಳ್ಳಿ. ಕಾಯುವ ಹೊತ್ತೂ ಸೇರಿಸಿ ಬಾಡಿಗೆ ಎಷ್ಟೆಂದು ಹತ್ತುವ ಮೊದಲೇ ಕೇಳಿ.

ರೂಮಿಗೆ ಎಸಿ ಇದ್ದರೆ ಸಾಕಲ್ವಾ? ಬುಕ್ ಮಾಡುವಾಗ ಇನ್ನೇನು ಕೇಳಬೇಕು?

ಮೂರು ಪ್ರಶ್ನೆ ಕೇಳಿ. ಒಂದು, ಕರೆಂಟು ಹೋದರೆ ಜನರೇಟರಿನಲ್ಲಿ ಎಸಿ ಓಡುತ್ತದೆಯೋ, ಫ್ಯಾನು-ದೀಪ ಮಾತ್ರವೋ? ಬೇಸಿಗೆಯಲ್ಲಿ ಮಧ್ಯಾಹ್ನ ಲೈನು ಹೋಗುವುದು, ಸಂಜೆ ಗಾಳಿಮಳೆಗೆ ತಂತಿ ಕಡಿಯುವುದು ಹೊಸದಲ್ಲ. ‘ಜನರೇಟರ್ ಇದೆ’ ಎಂದಷ್ಟೇ ಹೇಳಿದರೆ ಸಾಲದು.

ಎರಡು, ರೂಮು ಯಾವ ಮಹಡಿಯಲ್ಲಿದೆ? ಮೇಲಿನ ಮಹಡಿಯ ಆರ್‌ಸಿಸಿ ಚಾವಣಿ ಹಗಲೆಲ್ಲ ಕಾದು, ರಾತ್ರಿ ಹನ್ನೊಂದರವರೆಗೂ ಕಾವಲಿಯಂತೆ ಬಿಸಿ ಇಳಿಸುತ್ತದೆ. ಕೆಳಗಿನ ಮಹಡಿ, ಪಶ್ಚಿಮಕ್ಕೆ ಹೊರಗೋಡೆ ಇಲ್ಲದ ರೂಮು ಕೇಳಿ. ಫ್ಯಾನಿನ ಬರೀ ರೂಮಾದರೂ ಕೆಳಮಹಡಿಯದಾದರೆ ನಿದ್ದೆ ಬರುತ್ತದೆ.

ಮೂರು, ಕೂಲರ್ ಇದೆಯೇ? ಹುಲ್ಲಿನ ಪ್ಯಾಡಿನ ಕೂಲರ್ ಈ ಒಣಹವೆಯಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಬಾಡಿಗೆಯೂ ಕಡಿಮೆ. ಹೊಸಬರು ಮಾಡುವ ತಪ್ಪೆಂದರೆ ಎಸಿ ಇದ್ದ ಹಾಗೆ ಕಿಟಕಿ ಮುಚ್ಚಿಕೊಂಡು ಕೂಲರ್ ಹಾಕುವುದು. ಒದ್ದೆಗಾಳಿ ಹೊರಗೆ ಹೋಗಲು ದಾರಿಯಿಲ್ಲದೆ ಅರ್ಧ ತಾಸಿಗೆಲ್ಲ ರೂಮು ಉಗಿಯಾಡುತ್ತದೆ. ಕೂಲರಿನ ಬೆನ್ನು ಕಿಟಕಿಗಿರಲಿ, ಎದುರಿನ ಕಿಟಕಿ ಅಥವಾ ಬಾಗಿಲು ನಾಲ್ಕು ಬೆರಳಷ್ಟು ತೆರೆದಿರಲಿ. ನೀರು ದಿನಕ್ಕೆರಡು ಬಾರಿ ತುಂಬಬೇಕು. ಹಳೇ ನೀರಾದರೆ ವಾಸನೆ ಬರುತ್ತದೆ, ಸೊಳ್ಳೆ ಹುಟ್ಟುತ್ತದೆ.

ಸ್ನಾನದ ಬಗ್ಗೆಯೂ ಒಂದು ಮಾತು. ಸಂಜೆ ಐದಕ್ಕೆ ನಲ್ಲಿ ತಿರುಗಿಸಿದರೆ ಬರುವುದು ಗೀಸರ್ ಹಾಕಿದಂಥ ನೀರು, ಟಾಕಿ ಮಾಳಿಗೆಯ ಮೇಲಿರುತ್ತದಲ್ಲ. ಬೆಳಗ್ಗೆ ಆರಕ್ಕೇ ಎರಡು ಬಕೆಟ್ ತುಂಬಿ ಬಚ್ಚಲಲ್ಲಿ ಇಟ್ಟು ಹೋಗಿ. ಸಂಜೆ ಬಂದಾಗ ತಣ್ಣಗಿರುತ್ತದೆ.

ಬಟ್ಟೆ ಏನು ತರೋದು? ಟೋಪಿ ಸಾಕಾ?

ಸಡಿಲವಾದ, ತುಂಬುತೋಳಿನ, ತಿಳಿಬಣ್ಣದ ಹತ್ತಿ ಬಟ್ಟೆ. ತೋಳಿಲ್ಲದ ಬನಿಯನ್, ಚಡ್ಡಿ ಹಗುರವೆನಿಸಿದರೂ ಬಿಸಿಗಾಳಿ ನೇರ ಚರ್ಮಕ್ಕೆ ಬಡಿಯುತ್ತದೆ. ಟೋಪಿ ನೆತ್ತಿಯನ್ನಷ್ಟೇ ಕಾಯುತ್ತದೆ. ನಮ್ಮ ಕಡೆ ತಲೆಗೆ ಸುತ್ತುವುದು ಬಿಳಿ ಟವೆಲು. ಎರಡು ಮೊಳದ ತೆಳು ಹತ್ತಿ ಟವೆಲು ಯಾವ ಸಂತೆಯಲ್ಲೂ ಸಿಗುತ್ತದೆ. ಒದ್ದೆ ಮಾಡಿ ಹಿಂಡಿ, ನೆತ್ತಿ, ಕಿವಿ, ಕತ್ತಿನ ಹಿಂಭಾಗ ಮುಚ್ಚುವಂತೆ ಸುತ್ತಿಕೊಳ್ಳಿ. ಒಣಗುವವರೆಗೆ, ಅಂದರೆ ಹದಿನೈದು-ಇಪ್ಪತ್ತು ನಿಮಿಷ ತಂಪು. ಜತೆಗೆ ಕೊಡೆ ಇರಲಿ. ಮಳೆಗಾಲವಲ್ಲದಿದ್ದರೂ ಇಲ್ಲಿ ಕೊಡೆ ಹಿಡಿದು ನಡೆಯುವವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

## ಬಂದ ಮೇಲೆ

ದಿನಕ್ಕೆ ಎಷ್ಟು ನೀರು ಕುಡಿಯಬೇಕು? ಹೊರಗಿನ ನೀರು ಕುಡಿಯಬಹುದಾ?

ಸುತ್ತಾಡುವ ದಿನ ದೊಡ್ಡವರಿಗೆ ನಾಲ್ಕರಿಂದ ಐದು ಲೀಟರ್. ಒಮ್ಮೆಲೇ ಲೀಟರುಗಟ್ಟಲೆ ಬೇಡ. ನಡೆಯುವಾಗ ಇಪ್ಪತ್ತು ನಿಮಿಷಕ್ಕೊಂದು ಲೋಟ. ಮೂತ್ರ ತಿಳಿಹಳದಿ ಇದ್ದರೆ ಸರಿ, ಗಾಢವಾದರೆ ಹಿಂದೆ ಬಿದ್ದಿದ್ದೀರಿ. ಬರೀ ನೀರು ಕುಡಿಯುತ್ತ ಹೋದರೆ ಬೆವರಿನಲ್ಲಿ ಹೋದ ಉಪ್ಪು ತುಂಬುವುದಿಲ್ಲ. ಸಂಜೆಗೆ ತಲೆನೋವು, ಮೀನಖಂಡ ಹಿಡಿದುಕೊಳ್ಳುವುದು ಇದರಿಂದಲೇ. ಎರಡು ಹೊತ್ತು ಉಪ್ಪು ಹಾಕಿದ ಮಜ್ಜಿಗೆ, ಇಲ್ಲವೇ ಲಿಂಬೆ ಶರಬತ್ತು ಬೇಕು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಿಂಬೆ ಹೆಸರಾದದ್ದು, ಸಂತೆಯಲ್ಲಿ ಸಿಕ್ಕರೆ ಹತ್ತು ಕೊಂಡು ಚೀಲದಲ್ಲಿಡಿ.

ಕೊಳವೆಬಾವಿ ನೀರು ಬಹಳ ಕಡೆ ಗಡಸು. ಹೊಸಬರ ಹೊಟ್ಟೆಗೆ ಹೊಂದುವುದಿಲ್ಲ. ಬಹಳಷ್ಟು ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕವಿದೆ, ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಕಾರಿನಲ್ಲಿ ಬರುವವರು 20 ಲೀಟರಿನ ಖಾಲಿ ಕ್ಯಾನು ತಂದರೆ ಬಾಟಲಿಗೆ ಸುರಿಯುವ ದುಡ್ಡೂ ಪ್ಲಾಸ್ಟಿಕ್ಕೂ ಉಳಿಯುತ್ತವೆ. ರಸ್ತೆಬದಿಯ ಅರವಟ್ಟಿಗೆಯಲ್ಲಿ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ಉದ್ದ ಹಿಡಿಯ ಸೌಟಿನಿಂದ ನೀರು ತೆಗೆದು ಕೊಡುತ್ತಿದ್ದರೆ ಕೈಕಾಲು ಮುಖಕ್ಕೆ, ತಲೆವಸ್ತ್ರ ನೆನೆಸಿಕೊಳ್ಳಲು ಧಾರಾಳವಾಗಿ ಬಳಸಿ. ಹೊಟ್ಟೆ ಸೂಕ್ಷ್ಮ ಇರುವವರು ಕುಡಿಯಲು ತಮ್ಮ ನೀರನ್ನೇ ಇಟ್ಟುಕೊಳ್ಳಲಿ.

ಯಾರದಾದರೂ ಮನೆಯ ಮುಂದೆ ನಿಂತು ‘ಅಕ್ಕಾರ, ಒಂಚೂರು ನೀರು ಕೊಡ್ರಿ’ ಎಂದರೆ ಇಲ್ಲ ಎನ್ನುವವರಿಲ್ಲ. ನೀರಿನ ಜತೆ ಬೆಲ್ಲದ ಚೂರೂ ಬರುತ್ತದೆ. ಬೆಲ್ಲ ಬೇಡವೆನ್ನಬೇಡಿ, ಬಿಸಿಲಿಂದ ಬಂದವರು ಬರೀ ನೀರು ಗಟಗಟ ಕುಡಿಯದಿರಲಿ ಎಂದೇ ಅದನ್ನು ಕೊಡುವುದು.

ಊಟ ಖಾರ ಅಂತಾರೆ. ಬಿಸಿಲಲ್ಲಿ ಏನು ತಿಂದರೆ ಒಳ್ಳೇದು?

ಖಾರ ಬೇರೆಯಾಗಿ ಇರುತ್ತದೆ, ನೀವು ಬೆರೆಸಿಕೊಂಡಷ್ಟೇ. ಖಾನಾವಳಿಯ ತಾಟಿನಲ್ಲಿ ಜೋಳದ ರೊಟ್ಟಿ, ಒಂದು ಕಾಳಿನ ಪಲ್ಯ, ಒಂದು ಎಣ್ಣೆಗಾಯಿ ಅಥವಾ ತೊಪ್ಪಲ ಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ), ಹಸಿ ಉಳ್ಳಾಗಡ್ಡಿ, ಮೊಸರು, ಕಡೆಗೆ ಅನ್ನ-ಸಾರು. ಬೇಸಿಗೆಯಲ್ಲಿ ರೊಟ್ಟಿ ಎರಡಕ್ಕೆ ನಿಲ್ಲಿಸಿ ಮೊಸರು, ಮಜ್ಜಿಗೆ ಹೆಚ್ಚು ಮಾಡಿ. ಹಿಂಡಿಗೆ ಮೊಸರು ಕಲಸಿಕೊಂಡರೆ ಖಾರವೂ ಇಳಿಯುತ್ತದೆ, ರುಚಿಯೂ ಬೇರೆ. ಬೆಳಗ್ಗೆ ಎಲ್ಲಾದರೂ ಅಂಬಲಿ ಸಿಕ್ಕರೆ ಅದಕ್ಕಿಂತ ಒಳ್ಳೆಯ ತಿಂಡಿಯಿಲ್ಲ. ಮಿರ್ಚಿ ಭಜಿ, ಗಿರಮಿಟ್ಟನ್ನು ಸಂಜೆಗಿಟ್ಟುಕೊಳ್ಳಿ.

ಬಾದಾಮಿಯಿಂದ 5 ಕಿ.ಮೀ. ದೂರದ ಬನಶಂಕರಿ ಗುಡಿಯ ಬಳಿ ಒಮ್ಮೆ ಕೂತು ಉಣ್ಣಲೇಬೇಕು. ಸುತ್ತಲ ಹಳ್ಳಿಯ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ತರುತ್ತಾರೆ. ಬಟ್ಟೆಯಲ್ಲಿ ಸುತ್ತಿದ ರೊಟ್ಟಿ, ಬದನೆಕಾಯಿ ಪಲ್ಯ, ಮಡಕೆಕಾಳು, ಕೆಂಪುಖಾರ, ಜತೆಗೆ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಹೆಪ್ಪುಗಟ್ಟಿದ ಮೊಸರು. ಕುಡಿಕೆಯ ಮಣ್ಣು ನೀರನ್ನು ಹೀರಿಕೊಳ್ಳುವುದರಿಂದ ಮೊಸರು ಚಮಚ ನಿಲ್ಲುವಷ್ಟು ಗಟ್ಟಿ. ಹೊರಮೈಯಿಂದ ಆ ನೀರು ಆರುವುದರಿಂದ ತಂಪು. ಹತ್ತರ ಒಳಗೆ ಹೋದರೆ ಸಿಹಿಮೊಸರು, ಮಧ್ಯಾಹ್ನವಾದರೆ ಹುಳಿ. ಅವರು ಹೇಳುವ ಬೆಲೆ ಚಿಕ್ಕದು, ಚೌಕಾಸಿ ಮಾಡಬೇಡಿ.

ಹಣ್ಣು ಕೊಳ್ಳುವಾಗ ಹೆಚ್ಚಿಟ್ಟ ಕಲ್ಲಂಗಡಿ ಬೇಡ, ಇಡೀ ಹಣ್ಣು ಕೊಂಡು ಕೊಯ್ಸಿಕೊಳ್ಳಿ. ತಾಟಿನುಂಗು, ಎಳನೀರು ಕಣ್ಣೆದುರೇ ಕತ್ತರಿಸುವುದರಿಂದ ಚಿಂತೆಯಿಲ್ಲ. ಕಬ್ಬಿನ ಹಾಲು ಕುಡಿಯುವುದಾದರೆ ಐಸು ಬೇಡವೆನ್ನಿ. ಹೊಟ್ಟೆ ಕೆಡಿಸುವುದು ಬಹುತೇಕ ಆ ಐಸು.

ಹಂಪಿಯಲ್ಲಿ ಯಾವುದನ್ನು ಯಾವ ಹೊತ್ತಿಗೆ ನೋಡಬೇಕು?

ನೆರಳಿನ ಲೆಕ್ಕ ಹಾಕಿ. ಮಹಾನವಮಿ ದಿಬ್ಬ, ಅರಮನೆಯ ನೆಲೆಗಟ್ಟುಗಳ ಆವರಣದಲ್ಲಿ ಒಂದು ಗಿಡದ ನೆರಳೂ ಇಲ್ಲ. ಅದು ಬೆಳಗಿನ ಮೊದಲ ತಾಸಿಗೆ ಅಥವಾ ಸಂಜೆ ಕೊನೆಗೆ. ವಿಜಯವಿಠ್ಠಲ ಗುಡಿಗೆ ಗೆಜ್ಜಲ ಮಂಟಪದ ಬಳಿ ಗಾಡಿ ನಿಲ್ಲಿಸಿ, ಸುಮಾರು ಒಂದು ಕಿ.ಮೀ. ಬ್ಯಾಟರಿ ವಾಹನದಲ್ಲಿ ಹೋಗಬೇಕು. ರಜೆಯ ದಿನ ಆ ಸಾಲು ಬಿಸಿಲಲ್ಲೇ ಬೆಳೆಯುತ್ತದೆ. ಟಿಕೆಟ್ ಕೌಂಟರ್ ಎಷ್ಟೊತ್ತಿಗೆ ತೆರೆಯುತ್ತದೆಂದು ಹಿಂದಿನ ಸಂಜೆಯೇ ಕೇಳಿಟ್ಟುಕೊಂಡು ಮೊದಲ ಗಾಡಿ ಹಿಡಿಯಿರಿ. ಆ ಟಿಕೆಟ್ಟಿನಲ್ಲೇ ಅದೇ ದಿನ ಕಮಲಮಹಲು, ಗಜಶಾಲೆಯ ಆವರಣವನ್ನೂ ನೋಡಬಹುದು, ಹಾಗಾಗಿ ಬಿಸಾಡಬೇಡಿ. ಭಾರತೀಯರಿಗೆ 40 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ.

ಒಂಬತ್ತರ ನಂತರ ನೆಲದಡಿಯ ಪ್ರಸನ್ನ ವಿರೂಪಾಕ್ಷ ಗುಡಿಗೆ ಹೋಗಿ. ಒಳಗೆ ಕತ್ತಲೆ, ಕೆಲವೊಮ್ಮೆ ಕಾಲಡಿ ನೀರು, ಹೊರಗಿಗಿಂತ ಎಷ್ಟೋ ತಂಪು. ಸಂಜೆಗೆ ಹೇಮಕೂಟ ಸಾಕು. ಏರು ಕಡಿಮೆ, ವಿರೂಪಾಕ್ಷನ ಗೋಪುರ ಎದುರಿಗೇ. ಮಾತಂಗ ಬೆಟ್ಟ ಬೆಳಗಿನದು. ಸಂಜೆ ಹತ್ತಿದರೆ ಬಂಡೆಗಳು ದಿನವಿಡೀ ಕುಡಿದ ಬಿಸಿಯನ್ನು ಕತ್ತಲಾದ ಮೇಲೂ ಬಿಡುತ್ತಿರುತ್ತವೆ. ಕತ್ತಲಲ್ಲಿ ಒಬ್ಬೊಬ್ಬರೇ ಹತ್ತಬೇಡಿ. ಆನೆಗೊಂದಿ ಕಡೆಯ ಅಂಜನಾದ್ರಿಗೆ 575 ಮೆಟ್ಟಿಲು; ಬೆಳಗ್ಗೆ ಏಳರ ಒಳಗೆ ಇಳಿದುಬಿಡುವಂತೆ ಹೊರಡಿ. ಬಾಡಿಗೆ ಸೈಕಲ್ಲು ಒಂಬತ್ತರವರೆಗೆ ಸುಖ, ಆಮೇಲೆ ಶಿಕ್ಷೆ.

ಬಾದಾಮಿ, ಪಟ್ಟದಕಲ್ಲು, ಐಹೊಳೆ ಒಂದೇ ದಿನಕ್ಕೆ ಮುಗಿಸಬಹುದಾ?

ಬೇಸಿಗೆಯಲ್ಲಿ ಬೇಡ. ಎರಡು ಬೆಳಗು ಕೊಡಿ. ಮೊದಲನೆಯದು ಬಾದಾಮಿಯ ಗುಹೆಗಳಿಗೆ. ಮೆಟ್ಟಿಲು ಬಯಲಲ್ಲಿ, ಗುಹೆ ನೆರಳಲ್ಲಿ. ಹಾಗಾಗಿ ಏರುವುದು, ಇಳಿಯುವುದು ತಂಪುಹೊತ್ತಿನಲ್ಲಿ ಆಗಬೇಕು, ಒಳಗೆ ನಿಧಾನ ಮಾಡಿದರೂ ನಡೆಯುತ್ತದೆ. 578ರ ಮಂಗಳೇಶನ ಶಾಸನವಿರುವ ಮೂರನೇ ಗುಹೆಗೆ ಹೆಚ್ಚು ಹೊತ್ತು ಇಟ್ಟುಕೊಳ್ಳಿ. ಅಗಸ್ತ್ಯ ಹೊಂಡದಾಚೆಯ ಭೂತನಾಥ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ. ಸಂಜೆ ಐದೂವರೆಯ ಬೆಳಕಿನಲ್ಲಿ ಆ ಕೆಂಪುಕಲ್ಲು ನೋಡಬೇಕು.

ಎರಡನೇ ಬೆಳಗು ಆರಕ್ಕೆ ಹೊರಟರೆ 22 ಕಿ.ಮೀ. ಪಟ್ಟದಕಲ್ಲು, ಅಲ್ಲಿಂದ ಸುಮಾರು 13 ಕಿ.ಮೀ. ಐಹೊಳೆ. ಪಟ್ಟದಕಲ್ಲಿನಲ್ಲಿ ಮೊದಲು ಬಯಲಿನ ಸಣ್ಣ ಗುಡಿಗಳನ್ನು ಸುತ್ತಿ, ಬಿಸಿಲೇರಿದ ಮೇಲೆ ವಿರೂಪಾಕ್ಷ ಗುಡಿಯೊಳಗೆ ಹೋಗಿ. ಮರಳುವ ದಾರಿಯಲ್ಲಿ ಮಹಾಕೂಟಕ್ಕೆ ತಿರುಗಿ. ಊಟೆಯ ನೀರು ತುಂಬುವ ಆ ಪುಷ್ಕರಣಿ ಕಡುಬೇಸಿಗೆಯಲ್ಲೂ ಬತ್ತುವುದಿಲ್ಲ, ಸುತ್ತ ದೊಡ್ಡ ಮರಗಳ ನೆರಳು. ಬದಲಿಸಲು ಬಟ್ಟೆ ತನ್ನಿ. ಸಾಬೂನು, ಶಾಂಪು ಹಚ್ಚಬೇಡಿ.

ಬಾದಾಮಿಯ ಮಂಗಗಳಿಗೆ ಪ್ಲಾಸ್ಟಿಕ್ ಚೀಲದ ಸದ್ದೆಂದರೆ ತಿನಿಸು. ಕೈಯಲ್ಲಿ ಚೀಲ ಹಿಡಿಯದೆ, ಬೆನ್ನಿಗೆ ಜಿಪ್ಪಿನ ಬ್ಯಾಗು ಹಾಕಿ.

ಗೋಲಗುಮ್ಮಟದಲ್ಲಿ ಪಿಸುಮಾತು ಕೇಳಿಸಲೇ ಇಲ್ಲ ಅಂತ ಹೋದವರೆಲ್ಲ ಹೇಳ್ತಾರೆ. ಯಾಕೆ?

ಹೋದ ಹೊತ್ತು ತಪ್ಪು. ನೂರು ಜನ ಕೂಗುವಾಗ ಒಂದೊಂದು ಕೂಗೂ ಹಲವು ಬಾರಿ ಮರುದನಿಸಿ, ಗದ್ದಲ ಬಿಟ್ಟು ಇನ್ನೇನೂ ಉಳಿಯುವುದಿಲ್ಲ. ಬಾಗಿಲು ತೆರೆಯುವ ಹೊತ್ತಿಗೇ ಮೊದಲಿಗರಾಗಿ ಮೂಲೆಯ ಮಿನಾರಿನ ಮೆಟ್ಟಿಲು ಹತ್ತಿ. ಏಳು ಅಂತಸ್ತು, ಕಿರಿದು, ಗಾಳಿ ಕಡಿಮೆ. ಪ್ರತಿ ಅಂತಸ್ತಿನ ಕಮಾನಿನ ಬಳಿ ಅರೆನಿಮಿಷ ನಿಲ್ಲಿ. ಮೇಲೆ ಹೋದ ಮೇಲೆ ಒಬ್ಬರು ಗ್ಯಾಲರಿಯ ಈ ತುದಿಯಲ್ಲಿ, ಇನ್ನೊಬ್ಬರು ನೇರ ಎದುರಿನ ತುದಿಯಲ್ಲಿ ಗೋಡೆಗೆ ಕಿವಿ ಹತ್ತಿರ ಇಟ್ಟು ಕೂತು, ಗೋಡೆಯತ್ತ ಮುಖ ಮಾಡಿ ಮೆಲ್ಲಗೆ ಮಾತಾಡಿ. ಕಾಗದ ಹರಿದ ಸದ್ದೂ ದಾಟುತ್ತದೆ.

ಊರು ಸುತ್ತಲು ಟಾಂಗಾ ಹಿಡಿಯುವುದಾದರೆ ಬೆಳಗ್ಗೆ ಅಥವಾ ಸಂಜೆ ಹಿಡಿಯಿರಿ. ಹನ್ನೊಂದರಿಂದ ನಾಲ್ಕರವರೆಗೆ ಆ ಕುದುರೆಗಳನ್ನು ಡಾಂಬರಿನ ಮೇಲೆ ಓಡಿಸಬಾರದು.

ಮಧ್ಯಾಹ್ನ ರೂಮಲ್ಲೇ ಕೂತಿರಬೇಕಾ? ಬೇಜಾರಲ್ವಾ?

ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳನ್ನು ಈ ಹೊತ್ತಿಗೆಂದೇ ಉಳಿಸಿಕೊಳ್ಳಿ. ಕಮಲಾಪುರ, ಬಾದಾಮಿ, ಐಹೊಳೆ, ವಿಜಯಪುರ ನಾಲ್ಕೂ ಕಡೆ ಇವೆ, ಶುಕ್ರವಾರ ರಜೆ. ಇಳಕಲ್ಲು ಸೀರೆ, ಗುಳೇದಗುಡ್ಡದ ಖಣ ಕೊಳ್ಳುವವರಿಗೂ ಇದು ಸರಿಯಾದ ಹೊತ್ತು, ಅಂಗಡಿಯವರಿಗೂ ಬಿಡುವಿರುತ್ತದೆ. ಆದರೆ ಉಂಡು ಮಲಗುವುದೇ ಎಲ್ಲಕ್ಕಿಂತ ಒಳ್ಳೆಯದು. ಸಂಜೆಯ ಸುತ್ತಾಟಕ್ಕೆ ಕಸುವು ಬರುವುದು ಆ ನಿದ್ದೆಯಿಂದ.

ಗುಡಿಯಲ್ಲಿ ಬರಿಗಾಲಲ್ಲಿ ನಡೆದು ಅಂಗಾಲು ಸುಟ್ಟುಕೊಂಡ್ವಿ. ಏನು ಮಾಡೋದು?

ದಪ್ಪ ಹತ್ತಿ ಕಾಲುಚೀಲ ಚೀಲದಲ್ಲಿರಲಿ. ಪೂಜೆ ನಡೆಯುವ ಗುಡಿಗಳಲ್ಲಿ, ಗೋರಿ-ಮಸೀದಿಗಳ ಒಳಗೆ ಚಪ್ಪಲಿ ಬಿಡಲೇಬೇಕು. ಚಪ್ಪಲಿಯನ್ನು ಬಿಸಿಲಲ್ಲಿ ಬಿಡಬೇಡಿ, ಮರಳಿ ಬಂದಾಗ ಮೆಟ್ಟಲಾಗುವುದಿಲ್ಲ. ಸುಟ್ಟ ಅಂಗಾಲಿಗೆ ಹತ್ತಿಪ್ಪತ್ತು ನಿಮಿಷ ತಣ್ಣೀರು ಹಾಕಿ. ಐಸು, ಪೇಸ್ಟು ಬೇಡ. ಗುಳ್ಳೆ ಎದ್ದರೆ ಒಡೆಯಬೇಡಿ.

## ಇನ್ನೂ ಸ್ವಲ್ಪ ಆಳದ ಪ್ರಶ್ನೆಗಳು

ಹಂಪಿಯ ಹೊಳೆಯಲ್ಲಿ ನೀರು ಕಡಿಮೆ ಇದೆಯಲ್ಲ, ಮಕ್ಕಳು ಈಜಬಹುದಾ?

ಬೇಡ. ನೀರು ಕಡಿಮೆ ಕಂಡರೂ ಬಂಡೆಗಳ ನಡುವೆ ನೀರು ಕೊರೆದ ಆಳದ ಮಡುಗಳಿವೆ, ಸುಳಿಗಳಿವೆ. ತುಂಗಭದ್ರೆಯಲ್ಲಿ ಮೊಸಳೆಗಳೂ ಇವೆ. ಬಂಡೆಯ ಪಾಚಿ ನೀರು ಇಳಿದಾಗಲೇ ಹೆಚ್ಚು ಜಾರುತ್ತದೆ. ಹರಿಗೋಲು ಹತ್ತುವುದಾದರೆ ಲೈಫ್ ಜಾಕೆಟ್ ಕೊಡುವವರದನ್ನೇ ಹತ್ತಿ.

ಸ್ವಂತ ಕಾರಲ್ಲಿ ಬರ್ತಾ ಇದ್ದೇವೆ. ಟೈರ್ ಸಿಡಿಯುತ್ತೆ ಅಂತ ಗಾಳಿ ಕಡಿಮೆ ಹಾಕಿಸಬೇಕಾ?

ಈ ಸಲಹೆಯೇ ಟೈರು ಸಿಡಿಸುವುದು. ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆ ಹೆಚ್ಚು ಮಡಚಿ ಇನ್ನಷ್ಟು ಕಾಯುತ್ತದೆ. ಚಾಲಕನ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟೇ ಹಾಕಿಸಿ, ಬೆಳಗ್ಗೆ ಟೈರು ತಣ್ಣಗಿರುವಾಗ. ಓಡಿ ಬಂದ ಮೇಲೆ ಮೂರು-ನಾಲ್ಕು ಅಂಕ ಹೆಚ್ಚು ತೋರಿಸುವುದು ಸಹಜ, ಅದನ್ನು ಇಳಿಸಬೇಡಿ. ಐದು ವರ್ಷ ದಾಟಿದ, ಪಕ್ಕೆಯಲ್ಲಿ ಬಿರುಕು ಬಿಟ್ಟ ಟೈರಿದ್ದರೆ ಬದಲಿಸಿಯೇ ಹೊರಡಿ.

ಎಂಜಿನ್ ಬಿಸಿಯ ಮುಳ್ಳು ಏರಿದರೆ ಎಸಿ ಆರಿಸಿ, ನೆರಳಲ್ಲಿ ನಿಲ್ಲಿಸಿ. ರೇಡಿಯೇಟರ್ ಮುಚ್ಚಳವನ್ನು ಅರ್ಧ ತಾಸು ಮುಟ್ಟಬೇಡಿ, ಕುದಿನೀರು ಮುಖಕ್ಕೆ ಹಾರುತ್ತದೆ. ನಿಲ್ಲಿಸಿದ ಕಾರಿನೊಳಗೆ ಪವರ್ ಬ್ಯಾಂಕ್, ಲೈಟರ್, ಸೆಂಟಿನ ಡಬ್ಬಿ ಬಿಡಬೇಡಿ. ಮಗುವನ್ನು, ಮುದುಕರನ್ನು ‘ಐದೇ ನಿಮಿಷ’ ಎಂದೂ ಬಿಡಬೇಡಿ. ಕಾರಿನೊಳಗಿನ ಬಿಸಿ ನಿಮಿಷಗಳಲ್ಲೇ ಏರುತ್ತದೆ.

ಮೊಬೈಲು ಬಿಸಿಲಿಗೆ ಕಾದು ತಾನೇ ಬಂದ್ ಆಗುವುದುಂಟು. ದಾರಿಯೂ ದುಡ್ಡೂ ಅದರಲ್ಲೇ ಇದ್ದರೆ ಪೇಚು. ಚಿಲ್ಲರೆಯಾಗಿ ಐನೂರು ರೂಪಾಯಿ ಜೇಬಲ್ಲಿರಲಿ.

ಬೇಸಿಗೆಯಲ್ಲೂ ಸಿಡಿಲಿನ ಭಯ ಅಂತೀರಲ್ಲ, ಅದು ಮಳೆಗಾಲದ್ದಲ್ವಾ?

ನಮ್ಮ ಕಡೆ ಸಿಡಿಲಿನ ಕಾಲ ಏಪ್ರಿಲ್-ಮೇ. ಮುಂಗಾರಿಗೂ ಮುಂಚಿನ ಅಡ್ಡಮಳೆ ಸಂಜೆ ನಾಲ್ಕರ ನಂತರ ಅರ್ಧ ತಾಸಿನಲ್ಲಿ ಕಟ್ಟಿಕೊಂಡು ಬರುತ್ತದೆ. ಗಾಳಿ ಒಮ್ಮೆಲೇ ನಿಂತು ಧಗೆ ಹೆಚ್ಚುವುದು, ಒಂದು ದಿಕ್ಕು ಕಪ್ಪಾಗುವುದು, ಆಮೇಲೆ ಧೂಳಿನ ಜತೆ ತಂಗಾಳಿ ಬೀಸುವುದು ಅದರ ಗುರುತು. ಧೂಳು ಕಂಡ ಕೂಡಲೇ ಬೆಟ್ಟ ಇಳಿಯಲು ಶುರು ಮಾಡಿ. ಫೋಟೋಕ್ಕೆಂದು ಐದು ನಿಮಿಷ ನಿಲ್ಲುವವರೇ ಸಿಕ್ಕಿಬೀಳುವುದು. ಮಿಂಚಿಗೂ ಗುಡುಗಿಗೂ ನಡುವೆ 30 ಎಣಿಸುವುದರೊಳಗೆ ಸದ್ದು ಬಂದರೆ ಸಿಡಿಲು ಬಡಿಯುವಷ್ಟು ಹತ್ತಿರವಿದೆ. ಒಂಟಿಮರದ ಕೆಳಗೆ, ಬಂಡೆಯ ತುದಿಯಲ್ಲಿ, ತೆರೆದ ಮಂಟಪದಲ್ಲಿ ನಿಲ್ಲಬೇಡಿ. ಮುಚ್ಚಿದ ಕಾರು ಅಥವಾ ಪಕ್ಕಾ ಕಟ್ಟಡ ಸೇರಿ, ಕೊನೆಯ ಗುಡುಗಿನ ನಂತರವೂ ಅರ್ಧ ತಾಸು ಅಲ್ಲೇ ಇರಿ. ಸಿಡಿಲಿನ ಮುನ್ಸೂಚನೆ ಕೊಡುವ ದಾಮಿನಿ ಆ್ಯಪ್ ಮೊಬೈಲಿನಲ್ಲಿರಲಿ.

ಈ ಮಳೆಗೆ ರೈತರು ಕಾದಿರುತ್ತಾರೆ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎಂಬ ಮಾತು ಮೇ ಕೊನೆಯ ಮಳೆಗೆ ಹೇಳಿದ್ದು.

ಹಾವು, ಚೇಳು, ಜೇನು?

ಬೇಸಿಗೆಯಲ್ಲಿ ಹಾವು-ಚೇಳುಗಳು ಕಲ್ಲುಸಂದಿಯ ತಂಪಿಗೆ ಸೇರುತ್ತವೆ, ಕೈ ಹಾಕಬೇಡಿ. ಬೆಳಗ್ಗೆ ಬೂಟು ಕೊಡವಿ ಮೆಟ್ಟಿ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಬೇಡ. ಆ ಅಂಗ ಅಲುಗಾಡದಂತೆ ಇಟ್ಟು 108ಕ್ಕೆ ಕರೆ ಮಾಡಿ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಬಂಡೆಗಳಲ್ಲಿ, ಗೋಪುರಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಗಾಢ ಸೆಂಟು ಹಾಕಿಕೊಳ್ಳಬೇಡಿ, ಹತ್ತಿರ ಹೊಗೆ ಮಾಡಬೇಡಿ.

ಅಪ್ಪ-ಅಮ್ಮನಿಗೆ ಬಿಪಿ, ಶುಗರ್ ಇದೆ. ಕರೆತರಬಹುದಾ? ಇನ್ಸುಲಿನ್ ಹೇಗೆ ಇಡೋದು?

ಕರೆತನ್ನಿ, ಆದರೆ ದಿನಕ್ಕೆ ಒಂದೇ ಸುತ್ತು, ಬೆಳಗಿನದು ಮಾತ್ರ. ಬಿಪಿಯ ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸಿ ಮೈಯ ನೀರು ಕಳೆಯುತ್ತವೆ. ಬಿಸಿಲ ಸೀಮೆಗೆ ಹೋಗುತ್ತಿದ್ದೇವೆಂದು ಹೇಳಿ, ಮಾತ್ರೆಯ ಪ್ರಮಾಣವನ್ನೂ, ಉಪ್ಪುಮಜ್ಜಿಗೆ-ಓಆರ್‌ಎಸ್ ಎಷ್ಟರಮಟ್ಟಿಗೆ ಕೊಡಬಹುದೆಂಬುದನ್ನೂ ವೈದ್ಯರ ಬಳಿ ಹೊರಡುವ ಮೊದಲೇ ಕೇಳಿ. ತಾವಾಗಿ ಮಾತ್ರೆ ಬಿಡಬಾರದು. ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ತಿಳಿಯುತ್ತದೆ. ಕೇಳುವವರೆಗೆ ಕಾಯದೆ ನೀವೇ ಲೋಟ ಕೈಗಿಡಿ.

ಇನ್ಸುಲಿನ್ನನ್ನು ಕಾರಿನ ಡ್ಯಾಶ್‌ಬೋರ್ಡಿನಲ್ಲೂ, ಐಸಿಗೆ ತಾಗಿಸಿಯೂ ಇಡಬೇಡಿ, ಎರಡರಿಂದಲೂ ಕೆಡುತ್ತದೆ. ರೂಮಿನಲ್ಲಿ ಫ್ರಿಜ್ ಇಲ್ಲವಾದರೆ ಒಂದು ದೊಡ್ಡ ಮಣ್ಣಿನ ಗಡಿಗೆಯೊಳಗೆ ಚಿಕ್ಕದೊಂದನ್ನು ಇಟ್ಟು, ನಡುವಿನ ಸಂದಿಗೆ ಮರಳು ತುಂಬಿ ನೀರು ಹನಿಸಿ. ಚಿಕ್ಕ ಗಡಿಗೆಯಲ್ಲಿ ನೀರು ತಾಗದ ಚೀಲದಲ್ಲಿ ಔಷಧಿ ಇಟ್ಟು ಒದ್ದೆಬಟ್ಟೆ ಮುಚ್ಚಿ. ಗಾಳಿಯಾಡುವ ನೆರಳಲ್ಲಿಟ್ಟು ದಿನಕ್ಕೆರಡು ಸಲ ಮರಳು ನೆನೆಸಿದರೆ ಈ ಒಣಹವೆಯಲ್ಲಿ ಹೊರಗಿಗಿಂತ ಎಷ್ಟೋ ತಂಪಾಗಿರುತ್ತದೆ.

ಯಾರಿಗಾದರೂ ಬಿಸಿಲು ಬಡಿದರೆ ತಕ್ಷಣ ಏನು ಮಾಡಬೇಕು?

ಮೊದಲು ಯಾವ ಹಂತ ಎಂದು ನೋಡಿ. ಬೆವರುತ್ತಿದ್ದಾರೆ, ತಲೆ ಸುತ್ತುತ್ತಿದೆ, ವಾಕರಿಕೆ, ಸೆಳೆತ ಇದೆ, ಆದರೆ ಮಾತು ಸರಿಯಾಗಿದೆ ಎಂದಾದರೆ ನೆರಳಲ್ಲಿ ಮಲಗಿಸಿ ಕಾಲು ಸ್ವಲ್ಪ ಎತ್ತರಿಸಿ, ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಚಿಕ್ಕದು 200 ಮಿ.ಲೀ.ಗೆ, ಪೊಟ್ಟಣದ ಮೇಲೆ ಓದಿಯೇ ಕಲಸಿ. ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎಲ್ಲ ಟೀ ಚಮಚದ ಅಳತೆ.

ಮಾತು ತಡವರಿಸುತ್ತಿದೆ, ಅಸಂಬದ್ಧ ಮಾತಾಡುತ್ತಿದ್ದಾರೆ, ಎಚ್ಚರ ತಪ್ಪುತ್ತಿದೆ, ಮೈ ಕೆಂಡದಂತಿದೆ ಎಂದಾದರೆ ಜೀವಕ್ಕೆ ಅಪಾಯ. ಬೆವರು ಇದೆಯೋ ಇಲ್ಲವೋ ಎಂದು ನೋಡುತ್ತ ಕೂರಬೇಡಿ. ಒಬ್ಬರು 108ಕ್ಕೆ ಕರೆ ಮಾಡಲಿ, ಉಳಿದವರು ಆ ಕ್ಷಣದಿಂದಲೇ ತಂಪು ಮಾಡಲಿ. ಬಟ್ಟೆ ಸಡಿಲಿಸಿ, ಮೈಯೆಲ್ಲ ನೀರು ಹೊಯ್ದು ಜೋರಾಗಿ ಗಾಳಿ ಹಾಕಿ. ಕತ್ತು, ಕಂಕುಳು, ತೊಡೆಸಂದಿಗೆ ಐಸು ಅಥವಾ ಒದ್ದೆಬಟ್ಟೆ ಇಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕ್ಕೆ ಇಳಿಯುತ್ತದೆ. ಜ್ವರದ ಮಾತ್ರೆಯಿಂದ ಈ ಬಿಸಿ ಇಳಿಯುವುದಿಲ್ಲ. ಆಂಬುಲೆನ್ಸಿನಲ್ಲೂ ನೀರು ಹೊಯ್ಯುವುದನ್ನು ನಿಲ್ಲಿಸಬೇಡಿ.

ನಾವು ಅಮೆರಿಕದಿಂದ ಬರೋದು. ಮಕ್ಕಳಿಗೆ ಬೇಸಿಗೆ ರಜೆ ಅಂದರೆ ಜೂನ್‌ನಿಂದ ಆಗಸ್ಟ್. ಇದೆಲ್ಲ ಆಗಲೂ ಬೇಕಾ?

ಜೂನ್ ಎರಡನೇ ವಾರದ ನಂತರ ಇಲ್ಲಿ ಹವೆ ಬೇರೆಯೇ. ಮಲೆನಾಡಿನಂತೆ ಜಡಿಮಳೆ ಇಲ್ಲ. ಮೋಡ, ಜೋರುಗಾಳಿ, ಆಗೊಮ್ಮೆ ಈಗೊಮ್ಮೆ ಮಳೆ. ಹಗಲು 32-34 ಡಿಗ್ರಿ. ಹತ್ತರಿಂದ ಐದರವರೆಗೂ ಸುತ್ತಬಹುದು. ನೀರು, ಟವೆಲು ಆಗಲೂ ಬೇಕು, ಮಧ್ಯಾಹ್ನದ ಬಂದೋಬಸ್ತು ಬೇಡ. ಮಳೆಯಾದ ಮರುದಿನ ಬಾದಾಮಿಯಲ್ಲಿದ್ದರೆ ಅಗಸ್ತ್ಯ ಹೊಂಡದ ಕಡೆಗೆ ಹೋಗಿ. ಮೇಲಿನ ಕೆಂಪುಬಂಡೆಯಿಂದ ಅಕ್ಕ-ತಂಗಿ ಜಲಪಾತ ಜೋಡಿಯಾಗಿ ಹೊಂಡಕ್ಕೆ ಇಳಿಯುತ್ತಿರುತ್ತದೆ, ಮಳೆ ನಿಂತ ಸ್ವಲ್ಪ ಹೊತ್ತಿಗೆ ತೆಳುವಾಗಿಬಿಡುತ್ತದೆ. ಜುಲೈ ಕೊನೆ, ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯ ತುಂಬಿ ಗೇಟು ತೆರೆದರೆ ಹಂಪಿಯ ಪುರಂದರ ಮಂಟಪ ನೀರಲ್ಲಿ ಮುಳುಗುತ್ತದೆ, ಹರಿಗೋಲು, ದೋಣಿ ನಿಲ್ಲುತ್ತವೆ. ಆಗ ಆನೆಗೊಂದಿಗೆ ಹೋಗಲು ಸೇತುವೆಯ ಸುತ್ತುದಾರಿಯೇ ಗತಿ; ಹೊಳೆಯಾಚೆ ರೂಮು ಹಿಡಿಯುವ ಮುನ್ನ ಜಲಾಶಯದ ಮಟ್ಟ ಎಷ್ಟಿದೆಯೆಂದು ಅಂದಿನ ಪೇಪರಿನಲ್ಲಿ ನೋಡಿಕೊಳ್ಳಿ.